ಶುಕ್ಲಪಕ್ಷದ ಗಾಳದ ಕೋಲು

ಮೀನು ತಿನ್ನದ ಮನೆಯಲ್ಲಿ ಹುಟ್ಟಿದವನಿಗೆ ಮೀನು ಹಿಡಿಯುವ ಹುಚ್ಚು ಹತ್ತಬಾರದು. ಹತ್ತಿದರೆ ಅದನ್ನು ಬಚ್ಚಿಡುವ ಹುಚ್ಚಾದರೂ ಹತ್ತಬಾರದು. ನನಗೆ ಎರಡೂ ಹತ್ತಿದ್ದವು. ನಮ್ಮದು ಚನ್ನರಾಯಪಟ್ಟಣದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮನೆತನ, ಲಿಂಗ ಕಟ್ಟಿದವರು. ಬೀದಿಯಲ್ಲಿ ಯಾರಾದರೂ ಮೀನಿನ ಬುಟ್ಟಿ ಹೊತ್ತು ಹೋದರೆ ಅಜ್ಜಿ ಬಾಗಿಲಿಗೆ ನೀರು ಹಾಕಿಸುತ್ತಿದ್ದಳು. ಅಂಥ ಮನೆಯಿಂದ ಬಂದು, ಹೊಳೆನರಸೀಪುರದಲ್ಲಿ ಸರ್ಕಾರಿ ಸಾಹೇಬರೊಬ್ಬರ ಕೈಕೆಳಗೆ ಹಂಗಾಮಿ ಗುಮಾಸ್ತನಾಗಿ ಸೇರಿದ ನಾನು, ಭಾನುವಾರ ಬಂತೆಂದರೆ ಹೇಮಾವತಿಯ ದಂಡೆಯಲ್ಲಿ, ಬಟ್ಟೆ ಒಗೆಯುವವರ ಕಣ್ಣಿಗೂ ಬೀಳದಷ್ಟು ದೂರ ಹೋಗಿ, ಗಾಳ ಹಾಕಿಕೊಂಡು ಕೂರುತ್ತಿದ್ದೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮುಂಚಿನ ಮಾತಿದು. ನನಗಾಗ ಇಪ್ಪತ್ತನಾಲ್ಕು.

ಗಾಳ ಹಿಡಿಯಲು ಕಲಿಸಿದವನು ಹಳೇಕೋಟೆ ಕಡೆಯ ಒಬ್ಬ ಮನುಷ್ಯ. ಹೆಸರು ಹೇಳುವುದಿಲ್ಲ. ಅವನ ಹೆಸರೆತ್ತುವ ಯೋಗ್ಯತೆಯನ್ನು ನಾನು ಉಳಿಸಿಕೊಂಡಿಲ್ಲ. ನನಗಿಂತ ಹದಿನೈದು ವರ್ಷ ದೊಡ್ಡವನು. ಆದರೂ ನಾನು ಅವನಿಗೆ ‘ಬಾರೋ ಹೋಗೋ’ ಎನ್ನುತ್ತಿದ್ದೆ, ಅವನು ನನಗೆ ‘ಬುದ್ದಿ’ ಎನ್ನುತ್ತಿದ್ದ. ಅವನ ಕೇರಿಯವರು ನಮ್ಮಂಥವರನ್ನು ಆಗ ಕರೆಯುತ್ತಿದ್ದುದೇ ಹಾಗೆ. ಬುದ್ಧಿ ಇದ್ದದ್ದು ಅವನಿಗೆ, ಕರೆಸಿಕೊಂಡವನು ನಾನು. ಥೂ, ಈಗ ನೆನೆದರೆ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ.

ನಾನು ಹಿಡಿದ ಮೀನೆಲ್ಲ ಅವನ ಮನೆಗೆ ಹೋಗುತ್ತಿತ್ತು. ನಾನು ಸೀಗೆಪುಡಿ ಹಾಕಿ ಮೊಣಕೈವರೆಗೂ ಉಜ್ಜಿ, ಹಣೆಗೆ ಹೊಸದಾಗಿ ವಿಭೂತಿ ಬಳಿದುಕೊಂಡು ಊರೊಳಕ್ಕೆ ಬರುತ್ತಿದ್ದೆ. ಅವನು ದಂಡೆಯ ಮೇಲೆ ಕುಕ್ಕುರುಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದ.

“ಸೀಗೇಲಿ ಮೀನಿನ್ ವಾಸ್ನೆ ಓಯ್ತದೆ ಬುದ್ದಿ. ಆಸೆ ಓಗಲ್ಲ ಕಣಿ.”

“ಬಾಯಿ ಮುಚ್ಚೋ.”

“ಮುಚ್ಚುದೆ. ಬರೋ ಬಾನ್ವಾರ ತೆಗೀತೀನಿ.”

ಅವನಿಗೂ ಒಂದು ಆಸೆಯಿತ್ತು, ಒಂದೇ ಒಂದು. ಅವನಪ್ಪ ಊರ ಕೆರೆಯ ನೀರುಗಂಟಿಯಾಗಿದ್ದ. ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವ ಹೊತ್ತು ನೀರು ಎಂದು ನೋಡಿ ಬಿಡುವ ಕೆಲಸ. ಅದಕ್ಕೆ ಪ್ರತಿಯಾಗಿ ಕೆರೆಯ ಕೆಳಗೆ ಒಂದು ತುಂಡು ಗದ್ದೆಯನ್ನು ಉಂಡುಕೊಂಡಿದ್ದರು. ಅಪ್ಪ ಸತ್ತ ಮೇಲೆ ಕೆಲಸ ಮಗನಿಗೇ ಬರಬೇಕು. ಆದರೆ ಊರಿನ ಪಟೇಲನು ತನ್ನ ಮನೆಯ ಆಳೊಬ್ಬನ ಹೆಸರು ಬರೆದು ಕಳಿಸಿದ್ದ. ಇವನೂ ಯಾರ ಕೈಲೋ ಬರೆಸಿ ಒಂದು ಅರ್ಜಿ ಕೊಟ್ಟಿದ್ದ. ಎರಡು ಕಾಗದವೂ ಒಂದೇ ಕಡತದಲ್ಲಿ, ನನ್ನ ಮೇಜಿನ ಮೇಲೆ ಸಾಹೇಬರ ಸಹಿಗೆ ಕಾದು ಕೂತಿದ್ದವು. ಕೆಲಸ ಬಂದರೆ ಅವನು ಊರಲ್ಲಿರುತ್ತಾನೆ, ಬರದಿದ್ದರೆ ಗದ್ದೆಯೂ ಹೋಗುತ್ತದೆ, ಊರೂ ಹೋಗುತ್ತದೆ. ಅಷ್ಟು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ಜಾರಿಕೊಳ್ಳುವ ಹಾಗಿಲ್ಲ.

ಸಾಹೇಬರು ಬೆಂಗಳೂರಿನ ಕಡೆಯವರು. ಕಾಫಿ ತೋಟದ ದೊರೆಗಳ ಸಹವಾಸದಲ್ಲಿ ಗಾಳದ ಚಟ ಹತ್ತಿಸಿಕೊಂಡಿದ್ದರು. ಅವರದು ನಮ್ಮ ಎರೆಹುಳುವಿನ ಗಾಳವಲ್ಲ. ಗಾಳದ ಮುಳ್ಳಿಗೆ ಕೋಳಿಯ ಪುಕ್ಕವನ್ನು ರೇಷ್ಮೆ ದಾರದಿಂದ ಸುತ್ತಿ, ನೊಣದ ಹಾಗೆ ಮಾಡಿ, ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ಬೀಸಿ ಆ ನೊಣವನ್ನು ನೀರಿನ ಮೇಲೆ ಕೂರಿಸುವುದು. ಇದನ್ನು ನಾನು ಹೇಳಿದಾಗ ಹಳೇಕೋಟೆಯವನು ಬಿದ್ದು ಬಿದ್ದು ನಕ್ಕ. “ಅದುಕ್ಕೆ ತಿನ್ನಾಕೂ ಕೊಡ್ದೆ ಇಡಿಯದಾ ಬುದ್ದಿ? ಅಯ್ಯಯ್ಯಪ್ಪ! ಸರ್ಕಾರದೋರು ಬುಡಿ!”

ಸಾಹೇಬರ ಬಳಿ ಮದರಾಸಿನಿಂದ ತರಿಸಿದ ಎರಡು ಕೋಲುಗಳಿದ್ದವು. ಒಂದು ಒನಕೆಯಂಥದ್ದು. ಒಂದು ಬೆಳಗ್ಗೆ ಬೀಸಿದರೆ ಮಾರನೆಯ ದಿನ ಸಹಿ ಹಾಕಲು ಕೈ ಏಳುತ್ತಿರಲಿಲ್ಲ. ಇನ್ನೊಂದು ಕೆರೆಯ ಸಣ್ಣ ಮೀನಿಗೆ ಸರಿ, ಹೊಳೆಯಲ್ಲಿ ದೊಡ್ಡದು ಕಚ್ಚಿದರೆ ಹುಲ್ಲುಕಡ್ಡಿ. ಕ್ಯಾಂಪಿಗೆ ಹೊರಟರೆ ಎರಡನ್ನೂ ಗಾಡಿಗೆ ಕಟ್ಟಬೇಕು. ಈ ವಾರ ಚನ್ನರಾಯಪಟ್ಟಣದ ಕೆರೆಗಳು, ಮುಂದಿನ ವಾರ ಅರಕಲಗೂಡಿನ ಕಡೆ ಕಾವೇರಿ, ಬಂದರೆ ನಮ್ಮ ಹೇಮಾವತಿ. ಒಂದು ದಿನ ಗಾಡಿಯಿಂದ ಜಾರಿಬಿದ್ದ ಎರಡೂ ಕೋಲಿನ ಮೇಲೆ ಗಾಲಿ ಹತ್ತಿ ಇಳಿಯಿತು. ಮಾರನೆಯ ಬೆಳಗ್ಗೆ ನಾನು ಕಾಗದ ಹಿಡಿದು ನಿಂತಾಗ ಸಾಹೇಬರು ಕಾಗದ ನೋಡಲಿಲ್ಲ, ನನ್ನ ಹೆಬ್ಬೆರಳು ನೋಡಿದರು. ಅದರಲ್ಲಿ ಗಾಳ ಚುಚ್ಚಿದ ಹಳೆಯ ಗಾಯವಿತ್ತು.

“ಓಹೋ, ನೀನೂ ನಮ್ಮವನೇ ಏನಯ್ಯಾ?”

ನಾನು ಬಾಗಿಲ ಕಡೆ ನೋಡಿ, ಹೌದು ಎಂದು ತಲೆಯಾಡಿಸಿದೆ.

“ಹಾಗಾದರೆ ಕೇಳು. ನನಗೆ ಒಂದೇ ಕೋಲು ಸಾಕು. ಕೆರೆಗೂ ಆಗಬೇಕು, ಹೊಳೆಗೂ ಆಗಬೇಕು. ತೀರ ಭಾರ ಬೇಡ, ತೀರ ಹಗುರ ಬೇಡ. ನೀನೇ ನಿಂತು ಒಂದು ಆರಿಸಿ ಮಾಡಿಸಿಕೊಡು. ಶಿವರಾತ್ರಿ ಹೊತ್ತಿಗೆ ನೀರು ತಿಳಿಯಾಗುತ್ತದೆ, ಅರಕಲಗೂಡಿಗೆ ಹೋಗೋಣ.”

ನನಗೆ ಸ್ವರ್ಗವೇ ಕೈಗೆ ಸಿಕ್ಕಿದ ಹಾಗಾಯಿತು. ಹಂಗಾಮಿ ಕೆಲಸ ಕಾಯಂ ಆಗುವುದು ಅವರ ಕೈಯಲ್ಲೇ ಇತ್ತಲ್ಲ. ಸಂಜೆಗೇ ಹಳೇಕೋಟೆಯವನನ್ನು ಹುಡುಕಿಕೊಂಡು ಹೋಗಿ, ಒಳ್ಳೆಯ ಕೋಲು ಮಾಡಿಕೊಡು, ಅವರು ಖುಷಿಯಾಗಿರುವಾಗ ನಿನ್ನ ಕಡತವನ್ನು ಮುಂದಿಡುತ್ತೇನೆ ಎಂದೆ. ಅವನು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮತ್ತೆ ಸುತ್ತಿಕೊಂಡ. ಸಂತೋಷವಾದಾಗ ಅವನು ಮಾಡುತ್ತಿದ್ದುದು ಹಾಗೆ.

“ಸಣ್ದು ಸುಲಬ, ದಪ್ಪದೂ ಸುಲಬ ಬುದ್ದಿ. ಸಣ್ದು ಬಾಗ್ತದೆ, ದಪ್ಪದು ನಿಲ್ತದೆ. ನಡುಮಟ್ಟದ್ದೇ ಕಷ್ಟ. ಅದು ಬಾಗ್ಲೂ ಬೇಕು, ನಿಲ್ಲಲೂ ಬೇಕು.”

ಮುಂದಿನ ಭಾನುವಾರವೆಲ್ಲ ಗಂಡುಬಿದಿರಿನ ಮೆಳೆಯೊಂದರ ಸುತ್ತ ತಿರುಗಿದೆವು. ಆರಿಸುವುದು ಎಂದರೆ ಏನೆಂದು ನಾನು ಅವತ್ತು ಕಂಡೆ. ಮೆಳೆಯ ಒಳಗಿನದು ಬೇಡ, ನೆರಳಲ್ಲಿ ಬೆಳೆದದ್ದು ಸೋಮಾರಿ. ಬಿಸಿಲು ಬೀಳುವ ಅಂಚಿನದು ಬೇಕು. ಈ ವರ್ಷದ ಕಳಲೆ ಬೇಡ, ಮೂರು ಮಳೆ ಕಂಡದ್ದಿರಬೇಕು. ಬೆರಳ ಗಿಣ್ಣಿನಿಂದ ತಟ್ಟಿ ಕಿವಿಯಿಟ್ಟು ಕೇಳುತ್ತಿದ್ದ. ಗಿಣ್ಣಿನಿಂದ ಗಿಣ್ಣಿಗೆ ಗೇಣು ಹಾಕಿ ಅಳೆಯುತ್ತಿದ್ದ. ತೂಕ ನೋಡಲು ಅವನದೊಂದು ಕ್ರಮವಿತ್ತು. ಹಳೆಯ ಮೂರು ಕೋಲುಗಳನ್ನು ತಂದಿದ್ದ, ಒಂದಕ್ಕಿಂತ ಒಂದು ದಪ್ಪ. ನನ್ನ ಬಾಯಿಗೆ ಎಲೆಅಡಿಕೆ ಕೊಟ್ಟು, ಒಂದೊಂದನ್ನೂ ನೀಡಿದ ಕೈಯಲ್ಲಿ ಹಿಡಿದು ನಿಲ್ಲಲು ಹೇಳಿದ. ಎಲೆಅಡಿಕೆ ಜಗಿದು ಉಗುಳುವವರೆಗೆ ಕೋಲಿನ ತುದಿ ನಡುಗಬಾರದು, ಆದರೆ ಕೈಗೆ ಅದು ಇದೆ ಎಂದೂ ಗೊತ್ತಾಗುತ್ತಿರಬೇಕು. ನಡುವಿನದು ಗೆದ್ದಿತು. ಅದರ ಬುಡ, ನಡು, ತುದಿಗೆ ದಾರ ಸುತ್ತಿ ಅಳತೆ ತೆಗೆದುಕೊಂಡು ಮೆಳೆಯಲ್ಲಿ ಒಂದು ಗಳುವಿಗೆ ಕೆಂಪು ಬಟ್ಟೆ ಕಟ್ಟಿದ.

“ಇದೇ ನಿಮ್ ಸಾಯೇಬ್ರ ಕೋಲು.”

“ಕಡಿ ಮತ್ತೆ.”

“ಈಗಲ್ಲ ಬುದ್ದಿ. ಬೆಳ್ದಿಂಗ್ಳು ಕಳೀಲಿ.”

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಸಾಹೇಬರು ದಿನಾ ಬೆಳಗ್ಗೆ “ಏನಾಯ್ತಯ್ಯ ಕೋಲು?” ಎನ್ನುತ್ತಿದ್ದರು. ನಾನು ಅಂಗಡಿ ಮನೆಯವನು. ನಮ್ಮಲ್ಲಿ ಹೊಸ ಮೊಳಕೋಲು ತಂದರೂ ದಿನ ಕೇಳುವ ಪದ್ಧತಿ. ನಮ್ಮ ಮನೆಗೆ ಬರುತ್ತಿದ್ದ ಅಯ್ಯನವರು ಆ ವಾರ ಹೊಳೆನರಸೀಪುರಕ್ಕೆ ಬಂದಿದ್ದರು. ಬಿದಿರು ಕಡಿಸಬೇಕು, ಒಂದು ಒಳ್ಳೆಯ ದಿನ ಹೇಳಿ ಎಂದೆ. ಯಾತಕ್ಕೆ ಎಂದು ಕೇಳಿದರು. ಮೀನಿನ ಗಾಳಕ್ಕೆ ಎಂದು ಅಯ್ಯನವರಿಗೆ ಹೇಳುವುದುಂಟೇ? “ಒಂದು ಶುಭಕಾರ್ಯಕ್ಕೆ” ಎಂದೆ. ಅವರು ಮುಖವರಳಿಸಿ ಪಂಚಾಂಗ ತೆಗೆದರು. ಮದುವೆ ಚಪ್ಪರದ ಕಂಬಕ್ಕೆ ಕೇಳುತ್ತಿದ್ದಾನೆ, ಹುಡುಗ ನಾಚಿಕೊಂಡಿದ್ದಾನೆ ಎಂದುಕೊಂಡರು. ಹುಣ್ಣಿಮೆಗೆ ಮೂರು ದಿನ ಮುಂಚೆ, ಶುಕ್ಲಪಕ್ಷ, ಎಲ್ಲ ಗ್ರಹಗಳೂ ನಗುತ್ತಿವೆ ಎಂದರು. ಚಪ್ಪರದ ಕಂಬಕ್ಕೇನು, ಐದು ದಿನ ನಿಂತರೆ ಸಾಕು!

ಆ ದಿನ ಬೆಳಗ್ಗೆ ನಾನು ಮೆಳೆಯ ಹತ್ತಿರ ಹೋಗಿ ನಿಂತೆ. ಅವನು ಮಚ್ಚು ಹಿಡಿದು ಬಂದವನು ಕಡಿಯಲಿಲ್ಲ.

“ಬುದ್ದಿ, ಇನ್ನ ಎಂಟೇ ದಿನ ತಡ್ಕಳಿ. ಕತ್ಲೆ ಪಕ್ಸ ಬರ್ಲಿ. ಈಗ ಬಿದ್ರು ರಸ ತುಂಬ್ಕಂಡು ಕುಂತದೆ. ಕಡುದ್ರೆ ಕುಟ್ಟೆ ಉಳ ಬಂದ್ಬುಡ್ತದೆ.”

“ನಮ್ಮ ಅಯ್ಯನವರು ನೋಡಿ ಹೇಳಿದ ದಿನ ಕಣೋ.”

“ಅಯ್ನೋರ್ಗೆ ದಿನ ಗೊತ್ತು. ಬಿದ್ರು ಗೊತ್ತಾ?”

ಆ ಮಾತು ನನಗೆ ನೆಟ್ಟಗೆ ನೆತ್ತಿಗೇರಿತು. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ತಪ್ಪು ಮಾತಿನಲ್ಲಿರಲಿಲ್ಲ, ಆಡಿದವನು ಅವನು ಎಂಬುದರಲ್ಲಿತ್ತು. ಅವನ ಕೇರಿಯವನು ನಮ್ಮ ಅಯ್ಯನವರಿಗೆ ಗೊತ್ತಿಲ್ಲ ಎನ್ನುವುದೇ? “ನೀರುಗಂಟಿ ಕೆಲಸ ಬೇಕೋ ಬೇಡವೋ?” ಎಂದೆ. ಈ ಬಾಯಿಂದಲೇ ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ, ಬಗ್ಗಿ, ಮೂರು ಏಟಿಗೆ ಕಡಿದು ಹಾಕಿದ.

ಕೋಲೇನೋ ಚೆನ್ನಾಗಿಯೇ ಆಯಿತು. ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡಿ, ಗಿಣ್ಣುಗಳನ್ನು ಹೆರೆದು, ಹಿತ್ತಾಳೆ ತಂತಿಯ ಬಳೆಗಳನ್ನು ರೇಷ್ಮೆಯಿಂದ ಬಿಗಿದು, ಅರಗು ಹಚ್ಚಿ ಹೊಳೆಯುವಂತೆ ಮಾಡಿಕೊಟ್ಟ. ಒಲೆಯ ಮೇಲೆ ಹೊಗೆಯಲ್ಲಿ ಒಂದೆರಡು ತಿಂಗಳು ತೂಗಿಹಾಕಬೇಕು ಎಂದ. ಅದಕ್ಕೂ ನಾನು ಬಿಡಲಿಲ್ಲ. ಸಾಹೇಬರು ಬಂಗಲೆಯ ಅಂಗಳದಲ್ಲಿ ಬೀಸಿ ನೋಡಿ, “ಭೇಷ್! ಕೈಗೆ ಕೂತಿದೆ ಕಣಯ್ಯಾ” ಎಂದರು. ಹಳೇಕೋಟೆಯವನೊಬ್ಬ ನೀರುಗಂಟಿ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ ಎಂದಷ್ಟೇ ಅವರ ಕಿವಿಗೆ ಹಾಕಿದೆ. ಆಗಲೇ ಕಡತವನ್ನು ಮುಂದಿಟ್ಟಿದ್ದರೆ ಸಹಿ ಬೀಳುತ್ತಿತ್ತು. ಇರಲಿ, ಒಂದು ದೊಡ್ಡ ಮೀನು ಬೀಳಲಿ, ಆಮೇಲೆ ಇಟ್ಟರೆ ಚೆನ್ನ ಎಂದುಕೊಂಡೆ. ಎಲ್ಲದಕ್ಕೂ ನನಗೆ ಒಂದು ಒಳ್ಳೆಯ ದಿನ ಬೇಕಿತ್ತು.

ಅರಕಲಗೂಡಿಗೆ ಹೊರಡುವ ಹಿಂದಿನ ವಾರ ನಡೆದದ್ದನ್ನು ಹೇಳಬೇಕು. ಮಧ್ಯಾಹ್ನ ನನ್ನ ಸೋದರಮಾವ ಚನ್ನರಾಯಪಟ್ಟಣದಿಂದ ಬಂದು ಕಛೇರಿಯಲ್ಲಿ ನನ್ನ ಮೇಜಿನ ಪಕ್ಕ ಕೂತಿದ್ದರು. ಅಯ್ಯನವರ ಬಾಯಿಂದ ಚಪ್ಪರದ ಬಿದಿರಿನ ಸುದ್ದಿ ಊರಿಗೆ ಮುಟ್ಟಿ, ಹುಡುಗಿ ಯಾರು ಎಂದು ವಿಚಾರಿಸಲು ಬಂದಿದ್ದರು. ನಾನು ತೊದಲುತ್ತಾ ಏನೋ ಹೇಳುತ್ತಿದ್ದೆ. ಆಗ ಹೊರಗೆ ಜಗಲಿಯ ಕೆಳಗೆ ಹಳೇಕೋಟೆಯವನು ಬಂದು ನಿಂತ. ಹೆಗಲ ಮೇಲೆ ಗೋಣಿತಾಟಿನಲ್ಲಿ ಸುತ್ತಿದ ಉದ್ದನೆಯ ಕಟ್ಟು. ಅರ್ಜಿಯ ವಿಚಾರ ಕೇಳಲು ಬಂದಿದ್ದಾನೆ, ಬಾಯಿಬಿಟ್ಟರೆ ಮಾವನ ಎದುರಿಗೆ ಗಾಳ, ಮೀನು ಎಲ್ಲ ಹೊರಬೀಳುತ್ತದೆ ಎಂದು ನನಗೆ ಬೆವರು ಕಿತ್ತುಬಂತು. ಕಿಟಕಿಯಿಂದಲೇ ತಲೆ ಅಲ್ಲಾಡಿಸಿದೆ. ಬೇಡ, ಹೋಗು. ಅವನು ಕಟ್ಟನ್ನು ಸ್ವಲ್ಪ ಎತ್ತಿ ತೋರಿಸಿದ. ನಾನು ಇನ್ನೂ ಜೋರಾಗಿ ತಲೆ ಅಲ್ಲಾಡಿಸಿದೆ. ಹೋದ. “ಯಾರೋ ಅವನು?” ಎಂದರು ಮಾವ. “ಯಾರೋ, ಗೊತ್ತಿಲ್ಲ” ಎಂದೆ.

ಕಾವೇರಿಯ ಆ ಮಡು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಎಳೆಬಿಸಿಲು, ತಿಳಿನೀರು, ಆಚೆ ದಡದಲ್ಲಿ ಬಟ್ಟೆ ಒಗೆಯುವ ಹೆಂಗಸರು. ಸಾಹೇಬರು ತೊಡೆಮಟ್ಟ ನೀರಿನಲ್ಲಿ ನಿಂತು ಕೋಲನ್ನು ಬೀಸುತ್ತಿದ್ದರು. ನಾಲ್ಕನೆಯದೋ ಐದನೆಯದೋ ಬೀಸಿಗೆ ಬಿಳಿಮೀನೊಂದು ಕಚ್ಚಿತು. ಹೊರಳಿದಾಗ ಕಂಡದ್ದು ಅದರ ಅರ್ಧ ಬೆನ್ನು, ಅದೇ ನನ್ನ ತೋಳಿನುದ್ದ ಇತ್ತು. ಕೋಲು ಬಾಗಿತು. ಅವನು ಹೇಳಿದ ಹಾಗೆಯೇ ಚೆಂದವಾಗಿ, ನಡುವಿನಿಂದ ಬಾಗಿತು. ಆದರೆ ನಿಲ್ಲಲಿಲ್ಲ. ಹಿಡಿಯಿಂದ ಒಂದು ಮೊಳ ಮೇಲೆ ಲಟಕ್ ಎಂದು ಮುರಿದು, ಸಾಹೇಬರು ಹಿಂದಕ್ಕೆ ಕೆಸರಿನಲ್ಲಿ ಕುಕ್ಕರಿಸಿದರು. ಆಚೆ ದಡದಿಂದ ಒಬ್ಬಳು ಕಿಸಕ್ಕನೆ ನಕ್ಕಳು. ಆ ನಗು ಹೊಳೆಯೆಲ್ಲ ಕೇಳಿಸಿತು.

ನಮ್ಮನ್ನು ಮಡುವಿಗೆ ಕರೆತಂದಿದ್ದ ಹರಿಗೋಲಿನವನು ಮುರಿದ ತುಂಡನ್ನು ಎತ್ತಿ ಕಲ್ಲಿಗೆ ಕುಟ್ಟಿದ. ಒಳಗಿನಿಂದ ಅಕ್ಕಿಹಿಟ್ಟಿನಂಥ ಪುಡಿ ಸುರಿಯಿತು. “ಕುಟ್ಟೆ ಒಡ್ದದೆ ಸಾ. ಬೆಳ್ದಿಂಗ್ಳಲ್ಲಿ ಕಡುದವ್ರೆ. ಯಾವನೋ ಬಿದ್ರು ಗೊತ್ತಿಲ್ದೋನ ಕೆಲ್ಸ.”

ಸಾಹೇಬರು ಷರಾಯಿಯ ಕೆಸರು ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿದರು. “ಯಾವನಯ್ಯಾ ಇದನ್ನು ಕಡಿದದ್ದು?”

ಕಡಿಸಿದ್ದು ನಾನು. ಅವನು ಎಂಟು ದಿನ ಕೇಳಿದ, ನಾನು ಕೊಡಲಿಲ್ಲ. ಹೇಳಲು ಇಷ್ಟೇ ಇತ್ತು.

“ಹಳೇಕೋಟೆ ಕಡೆಯವನು ಸಾರ್.”

“ನೀರುಗಂಟಿ ಕೆಲಸ ಬೇಕು ಅಂತ ಅರ್ಜಿ ಹಾಕಿದ್ದಾನೆ ಅಂದೆಯಲ್ಲ, ಅವನೇ?”

“ಹೌದು ಸಾರ್.”

“ಬಿದಿರು ಕಡಿಯುವ ಕಾಲ ಗೊತ್ತಿಲ್ಲದವನಿಗೆ ತೂಬು ಎತ್ತುವ ಕಾಲ ಗೊತ್ತಾಗುತ್ತದೆಯೇನಯ್ಯಾ?”

ನಾನು ಬಗ್ಗಿ ಮುರಿದ ತುಂಡುಗಳನ್ನು ಆರಿಸಿಕೊಂಡೆ. ಹೊಳೆನರಸೀಪುರಕ್ಕೆ ಬಂದ ಮಾರನೆಯ ದಿನ ಕಡತ ತರಿಸಿದರು. ಅವರು ಹೇಳಿದರು, ನಾನು ಬರೆದೆ: ‘ಅರ್ಜಿದಾರನು ಸದರಿ ಕೆಲಸಕ್ಕೆ ತಕ್ಕವನಲ್ಲವೆಂದು ಕಂಡುಬಂದಿರುವುದರಿಂದ ಅರ್ಜಿಯನ್ನು ತಳ್ಳಿಹಾಕಲಾಗಿದೆ.’ ನನ್ನ ಅಕ್ಷರ ಬಲು ದುಂಡಗೆ ಎಂದು ಕಛೇರಿಯಲ್ಲಿ ಹೆಸರಿತ್ತು. ಅವತ್ತೂ ದುಂಡಗೇ ಬಂತು. ಯುಗಾದಿ ಕಳೆದ ಮೇಲೆ ನನ್ನ ಕೆಲಸ ಕಾಯಂ ಆಯಿತು. ಮನೆಯಲ್ಲಿ ಹೋಳಿಗೆ ಮಾಡಿದರು. ನಾನು ಮತ್ತೆ ಹೊಳೆಯ ಕಡೆ ಹೋಗಲಿಲ್ಲ. ಪಾಪ ಕಾಡಿ ಬಿಟ್ಟೆ ಎಂದುಕೊಳ್ಳಬೇಡಿ. ಅವನು ಎದುರು ಸಿಕ್ಕರೆ ಏನು ಹೇಳುವುದು ಎಂಬ ಹೆದರಿಕೆ, ಅಷ್ಟೇ.

ಯುದ್ಧದ ನಡುವೆ ಒಂದು ಭಾನುವಾರ ಅವನೇ ಬಂದ. ನನಗೆ ಹಾಸನಕ್ಕೆ ವರ್ಗವಾಗಿತ್ತು, ಮದುವೆಯೂ ಆಗಿತ್ತು. ಜಗಲಿಯಲ್ಲಿ ಪತ್ರಿಕೆ ಓದುತ್ತಾ ಕೂತಿದ್ದೆ. ಕೆಳಗೆ ಬೀದಿಯಲ್ಲಿ ಯಾರೋ ಕೆಮ್ಮಿದರು. ತಲೆ ಪೂರ್ತಿ ನರೆತಿತ್ತು, ಗುರುತು ಸಿಗಲು ಒಂದು ಗಳಿಗೆ ಬೇಕಾಯಿತು. ಹೆಗಲ ಮೇಲೆ ಗೋಣಿತಾಟಿನಲ್ಲಿ ಸುತ್ತಿದ ಉದ್ದನೆಯ ಕಟ್ಟು. ಕಟ್ಟನ್ನು ನೋಡಿಯೇ ಗುರುತು ಹಿಡಿದೆ.

“ಊರು ಬುಡ್ತಾ ಇವ್ನಿ. ಸಕ್ಲೇಸ್ಪುರದ ತಾವ ತ್ವಾಟದ ಕೆಲ್ಸುಕ್ಕೆ. ಮನೇಲಿ ಇದೊಂದು ಉಳ್ಕಂಡಿತ್ತು.”

ಗೋಣಿತಾಟು ಬಿಚ್ಚಿದ. ಹೊಗೆ ಹಿಡಿದು ಜೇನಿನ ಬಣ್ಣಕ್ಕೆ ತಿರುಗಿದ ಕೋಲು. ಅದೇ ಬುಡ, ಅದೇ ನಡು, ಅದೇ ತುದಿ. ಅದೇ ಹಿತ್ತಾಳೆಯ ಬಳೆಗಳು. ಕೈಗೆ ತೆಗೆದುಕೊಂಡೆ. ನಡುವಿನ ತೂಕ.

“ಇದು ಯಾವಾಗಿನದು?”

“ಆವತ್ತಿಂದೇ. ನಿಮ್ದು ಕಡ್ದು ಎಂಟು ದಿನುಕ್ಕೆ, ಅದೇ ಮೆಳೇಲಿ ಕಡುದೆ. ಅದು ಉಳಿಯಕಿಲ್ಲ ಅಂತ ನಂಗೊತ್ತಿತ್ತು. ಒಗೇಲಿ ಇಟ್ಟು ಹದ ಮಾಡ್ದೆ. ನೀವು ಅರಕಲಗೂಡ್ಗೆ ಓಗೋಕೆ ಮುಂಚೆ ಬದ್ಲಾಯ್ಸಿ ಕೊಡವ ಅಂತ ಕಛೇರಿ ತಾವ ತಂದಿದ್ದೆ.”

“ಹೇಳಬಾರದಾಗಿತ್ತೇನೋ? ಒಂದು ಮಾತು ಕೂಗಬಾರದಾಗಿತ್ತೇ?”

“ನೀವು ತಲೆ ಅಲ್ಲಾಡ್ಸುದ್ರಿ.”

ಅಷ್ಟೇ ಹೇಳಿದ. ಕೋಪವಿರಲಿಲ್ಲ. ಕೋಪವಾದರೂ ಇದ್ದಿದ್ದರೆ! ನಾನು ಬಾ, ಮೇಲೆ ಬಾ, ಕೂತುಕೋ ಎಂದೆ. ಅವನು ಜಗಲಿಯನ್ನೊಮ್ಮೆ ನೋಡಿ, “ಒಳ್ಳೇ ಕೋಲು ಮಾಡ್ಕೊಡ್ತೀನಿ ಅಂತ ಒಪ್ಕಂಡಿದ್ದೆ. ಕೊಟ್ಟಿವ್ನಿ” ಎಂದು ಗೋಣಿತಾಟನ್ನು ಮಡಿಚಿ ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟ. ಬಂದಾಗಿನಿಂದ ಹೋಗುವವರೆಗೆ ಒಂದು ಸಲವೂ ‘ಬುದ್ದಿ’ ಎನ್ನಲಿಲ್ಲ ಎಂಬುದು ಆಗ ಹೊಳೆಯಿತು.

ಒಳಗಿನಿಂದ ಹೆಂಡತಿ, “ಯಾರ್ರೀ ಅದು?” ಎಂದಳು.

ಅವನಿನ್ನೂ ಹತ್ತು ಹೆಜ್ಜೆ ಹೋಗಿರಲಿಲ್ಲ.

“ಯಾರೂ ಇಲ್ಲ. ಗಳು ಮಾರೋನು” ಎಂದೆ.

ಅವನು ತಿರುಗಿ ನೋಡಲಿಲ್ಲ. ಹೆಂಡತಿ ಹೊರಗೆ ಬಂದು ಕೋಲನ್ನು ಹಿಡಿದು ನೋಡಿ, ಇಷ್ಟು ನೆಟ್ಟಗಿದೆಯಲ್ಲ ಎಂದು ಹಿತ್ತಿಲಿಗೆ ಒಯ್ದಳು. ಹಿತ್ತಾಳೆಯ ಬಳೆಗಳನ್ನು ಕಿತ್ತು ಹಾಕಿ, ಎರಡು ಗೂಟ ನೆಟ್ಟು, ಕೋಲನ್ನು ಅಡ್ಡ ಕಟ್ಟಿ, ಅದರ ಮೇಲೆ ಪಂಚೆ ಒಣಹಾಕಿದಳು. ಅವತ್ತಿನಿಂದ ಅದು ಅಲ್ಲೇ ಇದೆ. ಎಷ್ಟು ಮಳೆ ಬಿಸಿಲು ಕಂಡರೂ ಬಾಗಿಲ್ಲ, ಒಂದು ತೂತೂ ಬಿದ್ದಿಲ್ಲ. ಯಾರಾದರೂ ಬಂದರೆ ನನ್ನ ಹೆಂಡತಿ ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ತೋರಿಸುತ್ತಾಳೆ. “ಬಿದಿರು ಆರಿಸೋದರಲ್ಲಿ ನಮ್ಮ ಯಜಮಾನರನ್ನ ಮೀರಿಸೋರಿಲ್ಲ” ಎನ್ನುತ್ತಾಳೆ.